ಐದನೆಯ ತುಣುಕು

ಜನವರಿ 14

ಮಗಳಿಗೆ,

ಹೋದ ಭಾನುವಾರ ನೀನು ಫೋನ್ ಮಾಡಿದಾಗ ನಾನು ಮೂರು ಸಲ ‘ಹೌದು’ ಎಂದೆ. ಯಾವುದಕ್ಕೆ ಹೌದು ಎಂದೆನೋ ಗೊತ್ತಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಕ್ರೇನಿನ ಮೋಟಾರು ಓಡುತ್ತಲೇ ಇದೆ, ರಜೆಯ ದಿನವೂ ನಿಲ್ಲುವುದಿಲ್ಲ. ಇನ್ನು ಕಾಗದವೇ ವಾಸಿ. ಕಾಗದದಲ್ಲಾದರೆ ನೀನು ಹೇಳಿದ್ದನ್ನು ಎರಡು ಸಲ ಓದಬಹುದು, ನಾನು ಹೇಳಬಾರದ್ದನ್ನು ಹೊಡೆದುಹಾಕಬಹುದು.

ಸಿಗ್ನಲ್ ಮಾಮ ನೆನಪಿದ್ದಾನಲ್ಲ. ನಾನು ಮೇಲೆ ಕ್ರೇನಿನ ಗಾಜಿನ ಗೂಡಿನಲ್ಲಿ, ಅವನು ಕೆಳಗೆ ಬಂದರಿನ ಕಟ್ಟೆಯ ಮೇಲೆ. ಇಪ್ಪತ್ತಾರು ವರ್ಷದಿಂದ ಅವನ ಕೈಸನ್ನೆ ನೋಡಿಕೊಂಡೇ ನಾನು ಕಂಟೇನರ್ ಎತ್ತುವುದು, ಇಳಿಸುವುದು. ನನಗೆ ಕಿವಿ ಕೇಳಿಸುವುದಿಲ್ಲ ಎಂದು ಅವನಿಗೆ ಗೊತ್ತಾದದ್ದೇ ಎಷ್ಟೋ ಕಾಲದ ಮೇಲೆ. ಆ ಕೆಲಸಕ್ಕೆ ಕಿವಿ ಬೇಕಾಗಿಯೇ ಇರಲಿಲ್ಲ.

ಅವನಿಗೆ ಹದಿನೈದು ದಿನದಿಂದ ಮೂತ್ರ ಕೆಂಪಗೆ ಹೋಗುತ್ತಿದೆ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ನಡುವೆ ನಾಲ್ಕು ದಿನ ತಾನಾಗಿಯೇ ನಿಂತಿತ್ತು. “ನೋವೇ ಇಲ್ಲ ಅಂದ್ಮೇಲೆ ಡಾಕ್ಟರ ಹತ್ರ ಹೋಗಿ ಏನಂತ ಹೇಳ್ಲಿ” ಎನ್ನುತ್ತಾನೆ. ನೀನು ಲ್ಯಾಬಿನಲ್ಲಿ ದಿನವೂ ಇಂಥದ್ದನ್ನೇ ಕತ್ತರಿಸುವವಳು, ನಿನ್ನನ್ನು ಒಂದು ಮಾತು ಕೇಳು ಎಂದ. ಕೇಳಿದ್ದೇನೆ.

ಹನ್ನೊಂದು ವರ್ಷದಿಂದ ನೀನು ನನ್ನ ಕಾಗದಗಳನ್ನು ನಂಬುವುದಿಲ್ಲ. ಅದಕ್ಕೆ ಕಾರಣ ಇದೆ, ಇಲ್ಲವೆನ್ನುವುದಿಲ್ಲ. ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಅವನಿಗೆ ಉಪಯೋಗವಾಗುತ್ತದೆ.

ಇಷ್ಟೇ,
ಅಪ್ಪ


ಜನವರಿ 22

ಅಪ್ಪಾ,

ಮಾಮನಿಗೆ ಹೇಳು, ನೋವಿಲ್ಲದೆ ಬರುವ ರಕ್ತವೇ ಕೆಟ್ಟದ್ದು. ನೋವಿದ್ದರೆ ಕಲ್ಲೋ ಸೋಂಕೋ ಇರಬಹುದು ಎಂದುಕೊಳ್ಳಬಹುದು. ನಿಂತಿತೆಂದು ಸಮಾಧಾನಪಡುವುದು ಬೇಡ. ಅದು ನಿಲ್ಲುತ್ತದೆ, ಮತ್ತೆ ಬರುತ್ತದೆ, ಒಳಗಿರುವುದು ಒಳಗೇ ಇರುತ್ತದೆ. ನಾಳೆಯೇ ಆಸ್ಪತ್ರೆಗೆ ಹೋಗಲಿ. ಟ್ಯೂಬು ಹಾಕಿ ಮೂತ್ರಚೀಲದ ಒಳಗೆ ನೋಡುತ್ತಾರೆ. ಗಂಟು ಕಂಡರೆ ಕೆರೆದು ತೆಗೆದು, ನಮ್ಮಂಥವರಿಗೆ ಕಳಿಸುತ್ತಾರೆ.

ನನ್ನ ಕೆಲಸ ಏನೆಂದು ನೀನು ಈವರೆಗೆ ಕೇಳಿರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆ. ಬೇರೆ ಬೇರೆ ಊರುಗಳಿಂದ ಮನುಷ್ಯರ ಚೂರುಗಳು ಪುಟ್ಟ ಬಾಟಲಿಗಳಲ್ಲಿ ಬರುತ್ತವೆ. ಡಾಕ್ಟರು ಅವನ್ನು ಎಣಿಸಿ ಬರೆದಿಡುತ್ತಾರೆ. ನಾವು ಅವನ್ನು ಮೇಣದಲ್ಲಿ ಅಚ್ಚು ಹಾಕುತ್ತೇವೆ. ಆ ಅಚ್ಚನ್ನು ಬ್ಲಾಕ್ ಎನ್ನುತ್ತೇವೆ. ಅದನ್ನು ಯಂತ್ರಕ್ಕೆ ಕಚ್ಚಿಸಿ ಚಕ್ರ ತಿರುಗಿಸಿದರೆ ಬ್ಲೇಡಿನಿಂದ ಒಂದೊಂದೇ ಸೀಳು ಬರುತ್ತದೆ, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳಗೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿಗೆ ಹತ್ತಿಸಿ ಬಣ್ಣ ಹಾಕುತ್ತೇವೆ. ನನ್ನ ಮೇಜಿಗೆ ಬರುವ ಹೊತ್ತಿಗೆ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ನನಗೆ ಅದು ಒಗ್ಗಿದೆ.

ಮೂತ್ರಚೀಲದ ಒಳಪದರ ಎಂದರೆ ನನಗೆ ಇಷ್ಟ. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ಹೇಳಿಕೊಳ್ಳುವಂಥ ಮಾತೂ ಅಲ್ಲ. ಚೀಲ ಖಾಲಿ ಇದ್ದಾಗ ಅಲ್ಲಿನ ಜೀವಕೋಶಗಳು ಆರೇಳು ಸಾಲಾಗಿ, ಒಂದರ ಮೇಲೊಂದು ಗುಂಡಗೆ ಕೂತಿರುತ್ತವೆ. ತುಂಬುತ್ತ ಬಂದಂತೆ ಅವೇ ಪಕ್ಕಕ್ಕೆ ಸರಿದು, ಚಪ್ಪಟೆಯಾಗಿ, ಎರಡು ಮೂರು ಸಾಲಿಗೆ ಇಳಿಯುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿನವು ದೊಡ್ಡವು. ಕೆಳಗಿನ ಮೂರು ನಾಲ್ಕನ್ನು ಮುಚ್ಚಿಕೊಂಡು ಕೂರುವುದರಿಂದ ಅವನ್ನು ಕೊಡೆ ಕೋಶ ಎನ್ನುತ್ತೇವೆ. ಮೈ ಬೇಡವೆಂದು ಹೊರಹಾಕಿದ್ದು ಒಂದು ಹನಿಯೂ ವಾಪಸ್ ಮೈಗೆ ಇಳಿಯದಂತೆ ತಡೆಯುವುದು ಅವುಗಳ ಕೆಲಸ. ಇಷ್ಟು ಹಿಗ್ಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಮೊದಲಿನ ಆಕಾರಕ್ಕೆ ಬರುವ ಪದರ ಮೈಯಲ್ಲಿ ಇನ್ನೆಲ್ಲೂ ಇಲ್ಲ.

ಇದು ಮಾಮನ ವಿಷಯವೇ ತಾನೇ? ಒಂದೇ ಸಲ ಕೇಳುತ್ತೇನೆ.

ಮಗಳು


ಫೆಬ್ರವರಿ 12

ಮಗಳಿಗೆ,

ಮಾಮನ ವಿಷಯವೇ. ನನಗೇನು ಧಾಡಿ.

ನಿನ್ನ ಕಾಗದ ಅವನಿಗೆ ಓದಿ ಹೇಳಿದೆ. ಕೊಡೆ ಎಂಬಲ್ಲಿ ನಕ್ಕ. “ಹೊಟ್ಟೆಯೊಳಗೆ ಕೊಡೆ ಇಟ್ಕೊಂಡು ಇಷ್ಟು ವರ್ಷ ಕಟ್ಟೆ ಮೇಲೆ ಮಳೇಲಿ ನೆಂದ್ನಲ್ಲಪ್ಪ” ಎಂದ. ಮರುದಿನವೇ ಆಸ್ಪತ್ರೆಗೆ ಹೋದೆವು. ಟ್ಯೂಬು ಹಾಕಿ ಒಳಗಿನದನ್ನು ಟಿವಿಯಲ್ಲಿ ತೋರಿಸಿದರಂತೆ. ಒಂದು ಕಡೆ ಗೋಡೆ ನಯವಾಗಿ, ತೆಳು ಗುಲಾಬಿಯಾಗಿತ್ತಂತೆ. ಇನ್ನೊಂದು ಕಡೆ ಹೂಕೋಸಿನ ಹಾಗೆ ಒಂದು ಗೊಂಚಲು, ನೀರಿನಲ್ಲಿ ಅಲ್ಲಾಡುತ್ತಿತ್ತಂತೆ. ನೋಡುವುದಕ್ಕೆ ಅಸಹ್ಯವಾಗಿರಲಿಲ್ಲ ಎಂದ. ಸೋಮವಾರ ಕೆರೆದು ತೆಗೆದಿದ್ದಾರೆ. ತುಣುಕುಗಳನ್ನು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟು ಬರಲು ಎರಡು ವಾರ.

ನನ್ನ ವಿಷಯ ನೀನು ಕೇಳಿದ್ದು ಯಾಕೆಂದು ಗೊತ್ತು. ಗೂಡಿಗೆ ನೂರ ಅರವತ್ತೆರಡು ಮೆಟ್ಟಿಲು. ಇಳಿದು ಹತ್ತಲು ಅರ್ಧ ಗಂಟೆ. ಅಷ್ಟು ಹೊತ್ತು ಕೆಳಗೆ ಹನ್ನೆರಡು ಜನ ಕೈಕಟ್ಟಿ ನಿಲ್ಲಬೇಕು. ಬೇರೆ ಕ್ರೇನಿನವರು ಮೂತ್ರಕ್ಕೆ ಮೇಲೇ ಬಾಟಲಿ ಇಟ್ಟುಕೊಳ್ಳುತ್ತಾರೆ. ನಾನು ಇಟ್ಟುಕೊಂಡವನಲ್ಲ. ಹತ್ತುವ ಮುಂಚೆ ಒಂದು ಸಲ, ಎಂಟು ಗಂಟೆಯ ಮೇಲೆ ಇಳಿದಾಗ ಒಂದು ಸಲ. ಅದಕ್ಕೇ ಬಂದರಿನಲ್ಲಿ ನನ್ನನ್ನು ಟ್ಯಾಂಕ್ ಎನ್ನುವುದು. ನಿನ್ನ ಅಮ್ಮನಿಗೆ ಆ ಹೆಸರು ಕೇಳಿದರೆ ಆಗುತ್ತಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಿತ್ತು. ಮನುಷ್ಯನಿಗೆ ಯಾವುದಾದರೂ ಒಂದರಲ್ಲಿ ಹೆಸರಿರಬೇಕು.

ಅಮ್ಮನ ಮಾತು ಬಂದದ್ದರಿಂದ ಬರೆದುಬಿಡುತ್ತೇನೆ. ಅವಳು ತೀರಿಹೋದ ದಿನ ಮಧ್ಯಾಹ್ನ ಕೂತು ನಾನು ನಿನಗೆ ‘ಅಮ್ಮ ಚೆನ್ನಾಗಿದ್ದಾಳೆ, ಪರೀಕ್ಷೆ ಚೆನ್ನಾಗಿ ಬರಿ ಎಂದಳು’ ಎಂದು ಬರೆದೆ. ನಿನ್ನ ಕೊನೆಯ ಪರೀಕ್ಷೆಗೆ ಎರಡು ದಿನ ಇತ್ತು. ನೀನು ಆ ಕಾಗದವನ್ನು ನನ್ನ ಮುಖಕ್ಕೆ ಹಿಡಿದು ದಿನಾಂಕ ಓದು ಎಂದೆ. ನಾನು ಓದಲಿಲ್ಲ. ತಪ್ಪು ಮಾಡಿದೆ ಎಂದು ನನಗೆ ಈಗಲೂ ಅನಿಸಿಲ್ಲ. ಅಂಥದೇ ದಿನ ಇನ್ನೊಮ್ಮೆ ಬಂದರೂ ಅದನ್ನೇ ಬರೆಯುತ್ತೇನೆ. ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು.

ಮಾರ್ಚಿಗೆ ಈ ಕ್ರೇನಿನ ಮೇಲೆ ಮೂವತ್ತು ವರ್ಷ.

ಅಪ್ಪ


ಫೆಬ್ರವರಿ 20

ಅಪ್ಪಾ,

ಸಿಟ್ಟು ಬಂತು. ನಿನ್ನ ಕಾಗದ ಮನೆ ಬಿಡುವಾಗ ಕೈಗೆ ಸಿಕ್ಕಿತು, ಬಸ್ಸಿನಲ್ಲಿ ಓದಿದೆ, ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಕೂತೆ. ಅದರ ವಿಷಯ ಬರೆಯಲು ಈಗ ಶಕ್ತಿ ಇಲ್ಲ. ಬೇರೆ ಒಂದು ಬರೆಯಬೇಕು. ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ. ನಿನಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ, ಬೇಸರ ಮಾಡಿಕೊಳ್ಳಬೇಡ.

ಆ ದಿನ ನನ್ನ ಸರದಿಯ ಆರನೆಯ ಬ್ಲಾಕ್, ಸಂಖ್ಯೆಯ ಕೊನೆಯಲ್ಲಿ 617. ಮೂತ್ರಚೀಲದಿಂದ ಕೆರೆದ ಐದು ತುಣುಕು. ಅಚ್ಚು ಹಾಕುವಾಗ ಎಲ್ಲವನ್ನೂ ಒಂದೇ ಮಟ್ಟಕ್ಕೆ ಒತ್ತಬೇಕು. ಇದರಲ್ಲಿ ನಾಲ್ಕು ಆಳದಲ್ಲಿದ್ದವು, ಒಂದು ಮೇಲೆ ತೇಲಿತ್ತು. ಅಂಥದ್ದು ಬಂದರೆ ಮೊದಲು ಮೇಲಿನದನ್ನು ಸೀಳಿ ಗಾಜಿಗೆ ಹತ್ತಿಸಿಕೊಂಡು, ಆಮೇಲೆ ಕೆಳಕ್ಕೆ ಹೋಗಬೇಕು. ಇದು ಮೊದಲ ವಾರ ಕಲಿಸುವ ಪಾಠ. ನಾನು ನಾಲ್ಕು ತುಣುಕು ಮುಖ ತೋರಿಸುವ ತನಕ ದಪ್ಪದಪ್ಪಗೆ ಚಕ್ರ ತಿರುಗಿಸುತ್ತ ಹೋದೆ. ನನ್ನ ಕಣ್ಣು ಬ್ಲೇಡಿನ ಮೇಲೇ ಇತ್ತು. ತಲೆಯಲ್ಲಿ ನಿನ್ನ ‘ಇನ್ನೊಮ್ಮೆ ಬಂದರೂ ಅದನ್ನೇ ಬರೆಯುತ್ತೇನೆ’ ಇತ್ತು. ನಿಲ್ಲಿಸಿದಾಗ ಐದನೆಯದು ಬ್ಲೇಡಿನ ಕೆಳಗೆ ಮೇಣದ ಪುಡಿಯಾಗಿ ಬಿದ್ದಿತ್ತು. ಕುಂಚದಿಂದ ಹುಡುಕಿದೆ. ಪುಡಿಯಲ್ಲಿ ಮೇಣ ಯಾವುದು ಮನುಷ್ಯ ಯಾವುದು ತಿಳಿಯಲಿಲ್ಲ.

ನಮ್ಮ ರಿಜಿಸ್ಟರಿನಲ್ಲಿ ಎರಡು ಕಲಂ ಇವೆ: ಬಂದ ತುಣುಕು, ಕಂಡ ತುಣುಕು. ಎರಡೂ ಕಡೆ ಐದು ಎಂದು ಬರೆದೆ. ಸೀಳಿದ ಮೇಲೆ ತುಣುಕುಗಳು ಒಡೆದು ಗಾಜಿನ ಮೇಲೆ ಏಳೆಂಟಾಗಿ ಕಾಣುತ್ತವೆ, ಡಾಕ್ಟರು ಎಣಿಸುವುದಿಲ್ಲ. ಆ ಕಲಮನ್ನು ನಂಬುತ್ತಾರೆ. ಹನ್ನೊಂದು ವರ್ಷದಲ್ಲಿ ಅಲ್ಲಿ ನಾನು ಸುಳ್ಳು ಬರೆದದ್ದು ಇದೇ ಮೊದಲು. ಬರೆದು ಮುಂದಿನ ಬ್ಲಾಕ್ ತೆಗೆದುಕೊಂಡೆ. ಅದೇ ನನಗೆ ಆಶ್ಚರ್ಯ.

ನಾಲ್ಕು ದಿನದಿಂದ ಅದೇ ಯೋಚನೆ. ಅದು ಯಾರದೋ, ಅವರಿಗೆ ಎಷ್ಟು ಜನ ಮಕ್ಕಳೋ. ಆ ಐದನೆಯದರಲ್ಲೇ ಮುಖ್ಯವಾದದ್ದು ಇತ್ತೋ ಏನೋ. ಈಗಲಾದರೂ ರಿಜಿಸ್ಟರಿನಲ್ಲಿ ತಿದ್ದಲೇ?

ಮಗಳು


ಮಾರ್ಚ್ 3

ಮಗಳಿಗೆ,

ತಿದ್ದಬೇಡ.

ನಾನು ನಿನಗೆ ಈವರೆಗೆ ಹೇಳದ ಒಂದು ಸಂಗತಿ ಇದೆ. ಸಿಗ್ನಲ್ ಮಾಮನ ಎಡಗಾಲಿನಲ್ಲಿ ಮೂರೇ ಬೆರಳು. ಹದಿನೆಂಟು ವರ್ಷದ ಹಿಂದೆ ಅವನು ಎರಡೂ ಕೈ ಚಾಚಿ ‘ನಿಲ್ಲಿಸು’ ಎಂದಾಗ ನಾನು ಸಮುದ್ರ ನೋಡುತ್ತಿದ್ದೆ. ಕಾರಣ ಏನೂ ಇರಲಿಲ್ಲ. ಕಂಟೇನರಿನ ಮೂಲೆ ಅವನ ಕಾಲ ಮೇಲೆ ಕೂತಿತು. ವಿಚಾರಣೆಗೆ ಬಂದವರಿಗೆ ಅವನು, ತಪ್ಪು ಸನ್ನೆ ಮಾಡಿದ್ದು ತಾನೇ ಎಂದು ಬರೆದು ಸಹಿ ಹಾಕಿಕೊಟ್ಟ. ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಾಲು ವಾಸಿಯಾದ ಮೇಲೆ ಬಂದು ಅದೇ ಜಾಗದಲ್ಲಿ ನಿಂತ. ಅವತ್ತಿನಿಂದ ಇವತ್ತಿನವರೆಗೆ ನಾನು ಸಮುದ್ರ ನೋಡಿಲ್ಲ.

ನಿಜ ಬರೆದಿದ್ದರೆ ಏನಾಗುತ್ತಿತ್ತು? ನನ್ನನ್ನು ಇಳಿಸುತ್ತಿದ್ದರು. ಅವನ ಬೆರಳು ಬರುತ್ತಿರಲಿಲ್ಲ.

ಆ ತುಣುಕು ಯಾರದಾದರೂ ಇರಲಿ, ಅವನಿಗೆ ಇದು ಗೊತ್ತಾಗುವುದಿಲ್ಲ. ಗೊತ್ತಾದರೂ ನಿನ್ನನ್ನು ಬೈಯಲಾರ. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ. ಹೇಗೆ ಎಂದು ಕೇಳಬೇಡ, ವಯಸ್ಸಾದವರಿಗೆ ಕೆಲವು ತಿಳಿದಿರುತ್ತವೆ.

ಇನ್ನು ಮೇಲೆ ನನ್ನ ಕಾಗದ ಬಂದರೆ ಕೆಲಸ ಮುಗಿಸಿ ಓದು.

ಮಾಮನ ರಿಪೋರ್ಟು ಬಂತು. ಗಂಟು ಒಳಪದರದಲ್ಲಿ ಮಾತ್ರ ಕಂಡಿದೆಯಂತೆ. ಅವನು ಆರಾಮಾಗಿದ್ದಾನೆ, ಕಟ್ಟೆಗೆ ಬರುತ್ತಿದ್ದಾನೆ.

ಅಪ್ಪ


ಮಾರ್ಚ್ 16

ಅಪ್ಪಾ,

ನಿನ್ನ ಕಾಗದ ಓದಿದೆ, ಕೆಲಸ ಮುಗಿಸಿ, ಕೋಟು ಕಳಚಿಟ್ಟ ಮೇಲೆ. ನೀನು ಇಷ್ಟು ಬರೆದದ್ದು ನನ್ನ ನೆನಪಿನಲ್ಲೇ ಇಲ್ಲ. ಮಾಮನ ಬೆರಳಿನ ವಿಷಯ ಅಮ್ಮನಿಗೆ ಗೊತ್ತಿತ್ತೇ? ರಿಜಿಸ್ಟರು ತಿದ್ದಲಿಲ್ಲ. ನೀನು ಹೇಳಿದೆ ಎಂದಲ್ಲ. ಹೇಳಿದೆ ಎಂದೇ ಇರಬಹುದು.

ಮಾಮನ ರಿಪೋರ್ಟಿನ ಬಗ್ಗೆ ಒಂದು ಮಾತು, ಸರಿಯಾಗಿ ಓದು. ಒಳಪದರದ ಕೆಳಗೆ ಸ್ನಾಯು ಇದೆ. ಗಂಟು ಒಳಪದರದಲ್ಲೇ ನಿಂತಿದ್ದರೆ ಕೆರೆದು, ಚೀಲದೊಳಗೆ ಔಷಧಿ ಹಾಕಿ, ವರ್ಷಗಟ್ಟಲೆ ಚೆನ್ನಾಗಿಡಬಹುದು. ಸ್ನಾಯುವಿಗೆ ಇಳಿದಿದ್ದರೆ ಮೂತ್ರಚೀಲವನ್ನೇ ತೆಗೆಯಬೇಕು, ಅದೂ ಬೇಗ. ಇಳಿದಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕಳಿಸಿದ ತುಣುಕುಗಳಲ್ಲಿ ಸ್ನಾಯು ಇರಬೇಕು. ರಿಪೋರ್ಟಿನ ಕೊನೆಯಲ್ಲಿ ‘ಸ್ನಾಯು ಕಂಡುಬಂದಿಲ್ಲ’ ಎಂಬ ಸಾಲು ಇದೆಯೇ ನೋಡು. ಇದ್ದರೆ ಅದು ಒಳ್ಳೆಯ ಸುದ್ದಿಯಲ್ಲ, ಏನೂ ಗೊತ್ತಾಗಿಲ್ಲ ಎಂದರ್ಥ. ಆರು ವಾರದೊಳಗೆ ಇನ್ನೊಮ್ಮೆ ಕೆರೆಸಬೇಕು. ಮಾಮ ಹೂಂ ಎನ್ನುತ್ತಾನೆ, ಹೋಗುವುದಿಲ್ಲ. ನೀನೇ ಕೈಹಿಡಿದು ಕರೆದುಕೊಂಡು ಹೋಗು.

ಡಿಸೆಂಬರಿನಲ್ಲಿ ನನಗೆ ಹತ್ತು ದಿನ ರಜೆ ಸಿಗುತ್ತದೆ. ಬರಲೇ? ಅಮ್ಮ ಹೊಲಿಗೆ ಹಾಕುತ್ತಿದ್ದ ಕಿಟಕಿಯ ಹತ್ತಿರದ ಮಂಚ ಇನ್ನೂ ಇದ್ದರೆ ಅಲ್ಲೇ ಮಲಗುತ್ತೇನೆ.

ಮಗಳು


ಏಪ್ರಿಲ್ 28

ಮಗಳಿಗೆ,

ಮಂಚ ಇದೆ.

ಮಾಮ ಎರಡನೆಯ ಸಲವೂ ಕೆರೆಸಿದ. ನಾನೇ ಕರೆದುಕೊಂಡು ಹೋಗಿದ್ದೆ. ಸ್ನಾಯು ಕಂಡಿತಂತೆ, ಅದರಲ್ಲಿ ಏನೂ ಇಲ್ಲವಂತೆ. ಈ ಮಾತು ಇಲ್ಲಿಗೆ ಮುಗಿಯಿತು, ಇನ್ನು ಕೇಳಬೇಡ.

ಮೂವತ್ತು ವರ್ಷ ತುಂಬಿದ್ದಕ್ಕೆ ಬಂದರಿನವರು ಒಂದು ಗಡಿಯಾರ ಕೊಟ್ಟರು. ಅದು ಟಿಕ್ ಟಿಕ್ ಎನ್ನುತ್ತದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ. ನೀನು ಬಂದಾಗ ಹೇಳಬೇಕು. ಕೆಲವು ದಿನದಿಂದ ಮೆಟ್ಟಿಲು ಹತ್ತುವಾಗ ನೂರರ ಹತ್ತಿರ ಒಮ್ಮೆ ನಿಂತು ಹೋಗುತ್ತೇನೆ. ವಯಸ್ಸು.

ಅಮ್ಮನಿಗೆ ಬೆರಳಿನ ವಿಷಯ ಗೊತ್ತಿತ್ತು. ಅವಳೂ ಯಾರಿಗೂ ಹೇಳಲಿಲ್ಲ.

ಡಿಸೆಂಬರು ದೂರ ಇಲ್ಲ.

ಅಪ್ಪ


ಆಗಸ್ಟ್ 9

ಅಪ್ಪಾ,

ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ಕೈಗೆ ಬಂದಿಲ್ಲವೋ, ಬರೆಯಲು ಮನಸ್ಸಿಲ್ಲವೋ. ಏಪ್ರಿಲಿನ ಕಾಗದದಲ್ಲಿ ನಿನ್ನ ಅಕ್ಷರ ಸಣ್ಣದಾಗಿತ್ತು. ಆಗ ಗಮನಿಸಲಿಲ್ಲ, ಈಗ ತೆಗೆದು ನೋಡಿದರೆ ಕಾಣುತ್ತದೆ. ದಿನವಿಡೀ ಕಣ್ಣಿಗೆ ಕಾಣದ್ದನ್ನು ನೋಡುವವಳು ನಾನು.

ನಾಲ್ಕು ಸಾಲು ಬರಿ. ಸುಳ್ಳಾದರೂ ಪರವಾಗಿಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು ಬೇಡ.

ಮಗಳು


ಸೆಪ್ಟೆಂಬರ್ 18

ಅಮ್ಮಾ ಮಗಳೇ,

ಇದು ನಾನು, ನಿನ್ನ ಸಿಗ್ನಲ್ ಮಾಮ. ಕಾಗದ ಬರೆದು ರೂಢಿ ಇಲ್ಲ, ನನ್ನದೆಲ್ಲಾ ಕೈಸನ್ನೆ. ತಪ್ಪಿದ್ರೆ ನೀನೇ ಸರಿ ಮಾಡ್ಕೊಂಡು ಓದು.

ನನಗೆ ಏನೂ ಆಗಿಲ್ಲ ಕಣಮ್ಮಾ. ಯಾವತ್ತೂ ಆಗಿರಲಿಲ್ಲ. ಕಲ್ಲುಗುಂಡಿನ ಹಾಗಿದೀನಿ. ರಕ್ತ ಹೋಗಿದ್ದು ನಿಮ್ಮಪ್ಪಂಗೆ. ಟಿವಿಲಿ ಹೂಕೋಸು ನೋಡಿದ್ದೂ ಅವನೇ. ನನ್ನ ಹೆಸರು ಯಾಕೆ ಹಾಕ್ತೀಯಾ ಅಂದೆ. “ನಿನ್ನ ಹೆಸರಲ್ಲಿ ಬರೆದ್ರೆ ಅವಳು ನಿಜ ಹೇಳ್ತಾಳೆ, ನನ್ನ ಹೆಸರಲ್ಲಿ ಬರೆದ್ರೆ ಓಡಿ ಬರ್ತಾಳೆ” ಅಂದ.

ಇಲ್ಲಿನ ಡಾಕ್ಟರು ಎರಡು ಲ್ಯಾಬಿನ ಹೆಸರು ಹೇಳಿದ್ರು. ಹತ್ತಿರದ್ದು ಬೇಡ, ದೂರದ್ದಕ್ಕೇ ಕಳಿಸಿ ಅಂದವನು ಅವನೇ. ನನ್ನ ಮಗಳು ಅಲ್ಲಿದಾಳೆ, ಅವಳ ಕೈಲಿ ಒಂದು ಚೂರೂ ಹಾಳಾಗಲ್ಲ ಅಂದ. ನಿನಗೆ ಹೇಳೋದು ಬೇಡ, ಸುಮ್ಮನೆ ನಿನ್ನ ಮೇಜಿನ ಮೇಲಿಂದ ಹಾದು ಹೋಗ್ಲಿ ಅಂತ ಆಸೆ. ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ರು. ಅದರ ಜೊತೇಲೇ ಇದನ್ನ ಕಳಿಸ್ತಿದೀನಿ. ಕೊನೇಲಿ 617 ಅಂತಿದೆ, ನೋಡು.

ಫೆಬ್ರವರೀಲಿ ನಿನ್ನ ಕಾಗದ ಬಂದಾಗ ನಾನು ಅವನ ಮನೇಲೇ ಇದ್ದೆ. ಓದಿದ. ಎದ್ದು ಹೋಗಿ ಚೀಟಿ ತಂದ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನನ್ನ ಕಡೆ ತಿರುಗಿಸಿದ. ಆಮೇಲೆ “ನನ್ನ ಕಾಗದ ಜೇಬಲ್ಲಿತ್ತಂತೆ” ಅಂದ. ಅಷ್ಟೇ.

ರಿಪೋರ್ಟಲ್ಲಿ ನೀನು ಹೇಳಿದ ಸಾಲು ಇತ್ತು, ಸ್ನಾಯು ಕಾಣಿಸಿಲ್ಲ ಅಂತ. ಇನ್ನೊಂದ್ಸಲ ಮಾಡ್ಬೇಕು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ರು. ಇವನು ಹೋಗಲೇ ಇಲ್ಲ. ಎರಡನೇ ಸಲ ಆಳದಲ್ಲಿ ಏನಾದ್ರೂ ಸಿಕ್ಕಿದ್ರೆ ಮೊದಲನೇ ಸಲ ಯಾಕೆ ಕಾಣಿಸಲಿಲ್ಲ ಅಂತ ಕೇಳ್ತಾರೆ, ಕೇಳ್ತಾ ಕೇಳ್ತಾ ಒಂದೊಂದೇ ಮೆಟ್ಟಿಲು ಇಳಿದು ಕೊನೇ ಮೆಟ್ಟಿಲಲ್ಲಿ ಕೂತವಳ ಹತ್ರ ಬರ್ತಾರೆ ಅಂದ. ನಾನು ಬೈದೆ ಕಣಮ್ಮಾ. ಕಿವುಡನ ಹತ್ರ ಎಷ್ಟು ಅಂತ ಬೈಯೋದು. ಭಯಾನೂ ಇತ್ತು ಅವನಿಗೆ, ಚೀಲ ತೆಗೆದು ಹೊರಗಡೆ ಪ್ಲಾಸ್ಟಿಕ್ಕು ತೂಗಿಸ್ತಾರೆ ಅಂತ. ಪೂರ್ತಿ ನಿನ್ನ ತಲೆ ಮೇಲೆ ಹಾಕ್ಕೋಬೇಡ.

ಜೂನಲ್ಲಿ ಮೆಟ್ಟಿಲ ಮೇಲೇ ಕೂತುಬಿಟ್ಟ. ಮೂರು ಜನ ಹೋಗಿ ಇಳಿಸಿದ್ವಿ. ಈಗ ಎಲುಬಿಗೂ ಹತ್ತಿದೆ ಅಂತಾರೆ. ಟ್ಯೂಬು ಹಾಕಿ ಮಂಚದ ಕೆಳಗೆ ಚೀಲ ಕಟ್ಟಿದಾರೆ. “ಟ್ಯಾಂಕಿಗೆ ನಲ್ಲಿ ಇಟ್ರು ನೋಡು” ಅಂತ ಅವನೇ ನಗ್ತಾನೆ. ನಿನ್ನ ಕಾಗದ ಎಲ್ಲಾ ದಿಂಬಿನ ಕೆಳಗಿದೆ.

ನಾನು ಇದನ್ನ ಬರೆದದ್ದು ಅವನಿಗೆ ಗೊತ್ತಿಲ್ಲ. ಬಾ.

ನಿನ್ನ ಮಾಮ


ಸೆಪ್ಟೆಂಬರ್ 24

ಅಪ್ಪಾ,

ಮಾಮನ ಕಾಗದ ಬಂತು. ಅವನ ಮೇಲೆ ಸಿಟ್ಟಾಗಬೇಡ.

ಬ್ಲಾಕುಗಳನ್ನು ನಾವು ಎಸೆಯುವುದಿಲ್ಲ, ಹತ್ತು ವರ್ಷ ಇಟ್ಟುಕೊಳ್ಳುತ್ತೇವೆ. ಫೆಬ್ರವರಿಯ ಡ್ರಾಯರಿನಲ್ಲಿ 617 ಇತ್ತು. ಬೆಳಕಿಗೆ ಹಿಡಿದೆ. ನಾಲ್ಕು ನೆರಳು, ಮತ್ತು ಒಂದು ಮೂಲೆಯಲ್ಲಿ ಬರೀ ಮೇಣ. ಸ್ಲೈಡನ್ನೂ ತೆಗೆದು ನೋಡಿದೆ. ಹಾಗೆ ನಿನ್ನ ಒಳಗನ್ನು ನೋಡುವ ಹಕ್ಕು ನನಗಿಲ್ಲ, ಆದರೂ ನೋಡಿದೆ. ಗಂಟಿನ ಭಾಗದಲ್ಲಿ ಸಾಲುಗಳೇ ಇರಲಿಲ್ಲ, ಎಲ್ಲವೂ ಎಲ್ಲದರ ಮೇಲೆ ಬಿದ್ದಿದ್ದವು. ಆದರೆ ಒಂದು ತುಣುಕಿನ ಅಂಚಿನಲ್ಲಿ ಸ್ವಲ್ಪ ಒಳ್ಳೆಯ ಪದರ ಉಳಿದಿತ್ತು. ಆರು ಸಾಲು, ಅದರ ಮೇಲೆ ಮೂರು ಕೊಡೆ ಕೋಶ. ಮೂವತ್ತು ವರ್ಷ ಹಿಗ್ಗಿ ಹಿಗ್ಗಿ ಬಂದು ಮತ್ತೆ ಗುಂಡಗೆ ಕೂತಿದ್ದವು. ಫೆಬ್ರವರಿಯಲ್ಲಿ ಇದನ್ನೇ ನೀರಿನ ಮೇಲೆ ತೇಲಿಸಿದ್ದೆ, ಅಪ್ಪಾ. ಸುಕ್ಕಾಗದಂತೆ ಕುಂಚದಿಂದ ಬಿಡಿಸಿದ್ದೆ. ನನಗೆ ಏನೂ ಅನಿಸಿರಲಿಲ್ಲ.

ಐದನೆಯದರಲ್ಲಿ ಏನಿತ್ತೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಸ್ನಾಯು ಇತ್ತೋ, ಇರಲಿಲ್ಲವೋ. ಇದ್ದು, ಅದರಲ್ಲಿ ಕೆಟ್ಟದ್ದು ಕಂಡಿದ್ದರೆ ಮಾರ್ಚಿನಲ್ಲೇ ಚೀಲ ತೆಗೆದು ನಿನ್ನನ್ನು ಉಳಿಸುತ್ತಿದ್ದರು. ಇರದಿದ್ದರೂ ಏಪ್ರಿಲಿನಲ್ಲಿ ನೀನು ಹೋಗಿದ್ದರೆ ಉಳಿಸುತ್ತಿದ್ದರೇನೋ. ಎರಡು ತಪ್ಪಿನಲ್ಲಿ ಯಾವುದು ನಿನ್ನನ್ನು ಹೀಗೆ ಮಲಗಿಸಿತು ಎಂದು ಲೆಕ್ಕ ಹಾಕಲು ಕೂತೆ. ಆಗಲಿಲ್ಲ.

ಮೊನ್ನೆ ರಿಜಿಸ್ಟರಿನಲ್ಲಿ ‘ಕಂಡ ತುಣುಕು’ ಕಲಮಿನ ಐದನ್ನು ಹೊಡೆದು, ನಾಲ್ಕು ಎಂದು ಬರೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದೆ. ಮೇಲಿನವರು ನನ್ನನ್ನು ಕೆಲಸದಿಂದ ದೂರವಿಟ್ಟಿದ್ದಾರೆ. ಮುಂದಿನ ಗುರುವಾರ ಬೆಳಿಗ್ಗೆ ನನ್ನ ಹೇಳಿಕೆ, ಅಲ್ಲಿಯವರೆಗೆ ಊರು ಬಿಡಬಾರದು ಎಂದಿದ್ದಾರೆ. ಮುಗಿದ ಕೂಡಲೇ ರೈಲು ಹತ್ತುತ್ತೇನೆ. ಶುಕ್ರವಾರ, ಅಕ್ಟೋಬರ್ ಎರಡರ ಬೆಳಿಗ್ಗೆ ಅಲ್ಲಿರುತ್ತೇನೆ.

ಒಂದೇ ಒಂದು ಕೇಳುತ್ತೇನೆ. ನಾನು ಬರುವುದರೊಳಗೆ ಒಂದು ಸಾಲು ಬರೆದಿಡು. ಮಾಮನಿಗೆ ಎಂದಲ್ಲ, ‘ನನಗೆ’ ಎಂದು. ‘ಅದು ನನಗೆ ಆಗಿತ್ತು’ ಎಂದು ಬರೆದರೆ ಸಾಕು. ಅಮ್ಮ ಹೋದ ದಿನದ ಕಾಗದಕ್ಕೂ ಅದೇ ಉತ್ತರವೆಂದು ತಿಳಿದುಕೊಳ್ಳುತ್ತೇನೆ.

ಬರುತ್ತಿದ್ದೇನೆ.

ಮಗಳು


ಸೆಪ್ಟೆಂಬರ್ 30

ಮಗಳಿಗೆ,

ಸಿಗ್ನಲ್ ಮಾಮ ಇವತ್ತು ಬೆಳಿಗ್ಗೆ ಹೋದ. ನೋವೇನೂ ಇರಲಿಲ್ಲ. ಕೊನೆಯ ಕೆಲವು ದಿನ ತುಂಬ ನಿದ್ದೆ ಮಾಡಿದ. ನಾನು ಹತ್ತಿರವೇ ಇದ್ದೆ.

ಹೋಗುವ ಮುಂಚೆ ಅವನು ನಿನಗೆ ಒಂದು ಮಾತು ತಿಳಿಸು ಎಂದ. ಅವನ ಐದನೆಯ ತುಣುಕು ಯಾವುದೋ ಲ್ಯಾಬಿನಲ್ಲಿ ಕಳೆದುಹೋಯಿತಂತೆ. ಕಳೆದವಳ ಮೇಲೆ ಅವನಿಗೆ ಒಂದು ದಿನವೂ ಬೇಸರ ಇರಲಿಲ್ಲವಂತೆ. ಉಳಿದ ನಾಲ್ಕನ್ನು ಅವಳು ಚೆನ್ನಾಗಿ ಬಿಡಿಸಿ ಹತ್ತಿಸಿದ್ದಳಂತೆ, ಅದು ಅವನಿಗೆ ಗೊತ್ತಾಯಿತಂತೆ. ಅವನಿಗೆ ಬೇಸರ ಇದ್ದದ್ದು ಒಂದೇ, ಅವಳು ಅದನ್ನು ರಿಜಿಸ್ಟರಿನಲ್ಲಿ ಬರೆದದ್ದು. ತಾನು ಅಷ್ಟು ದಿನ ಹಿಡಿದಿಟ್ಟುಕೊಂಡದ್ದು ಹಾಗಾದರೆ ಯಾಕೆ ಎಂದು ಕೇಳಿದ.

ನೀನು ಬರಬೇಕಾದ ಅವಸರವಿಲ್ಲ. ನಾನು ಚೆನ್ನಾಗಿದ್ದೇನೆ. ಡಿಸೆಂಬರಿಗೇ ಬಾ. ಕಿಟಕಿಯ ಹತ್ತಿರದ ಮಂಚಕ್ಕೆ ಹೊಸ ಹಾಸಿಗೆ ಹಾಕಿಸಿದೆ. ಗಡಿಯಾರ ಟಿಕ್ ಟಿಕ್ ಎನ್ನುತ್ತದೆಯೇ ಎಂದು ನೀನೇ ಕೇಳಿ ಹೇಳಬೇಕು.

ಎಂದೂ ನಿನ್ನ
ಅಪ್ಪ


ಅಮ್ಮಾ, ಮೇಲಿನದು ಅವನ ಮಾತು, ಅಕ್ಷರ ನನ್ನದು. ಅವನಿಗೆ ಪೆನ್ನು ಹಿಡಿಯೋಕೆ ಆಗ್ತಿರಲಿಲ್ಲ. ನಿನ್ನ ಕಾಗದ ಅವನೇ ಓದಿದ, ಎರಡು ಸಲ. ಆಮೇಲೆ ಬರೆದುಕೋ ಅಂದ. ಮೊದಲನೇ ಸಾಲಿಗೇ ನಾನು ಪೆನ್ನು ಕೆಳಗಿಟ್ಟೆ, ನಾನು ಸತ್ತೆ ಅಂತ ನಾನೇ ಹೆಂಗೋ ಬರೀಲಿ ಅಂದೆ. “ಹಿಂದೆ ವಿಚಾರಣೇಲಿ ಒಂದ್ಸಲ ಬರೆದುಕೊಟ್ಟಿದ್ಯಲ್ಲ, ಇನ್ನೊಂದ್ಸಲ ಬರಿ” ಅಂದ. ಬರೆದೆ. ನೀನು ಕೇಳಿದ ಸಾಲು ಬರೆಸ್ತಾನೇನೋ ಅಂತ ಕೊನೇವರೆಗೂ ಕಾದೆ.

ಇದನ್ನ ಅಂಚೆಗೆ ಹಾಕಲ್ಲ. ನೀನು ಇಷ್ಟು ಹೊತ್ತಿಗೆ ರೈಲಲ್ಲಿರ್ತೀಯ. ಫೋನು ಮಾಡಬಹುದಿತ್ತು, ಒಬ್ಬಳೇ ಕೂತಿರ್ತೀಯ ಅಂತ ಮನಸ್ಸು ಬರಲಿಲ್ಲ. ನಾನೂ ಅವನ ಥರಾನೇ ಆದೆ. ಬೆಳಿಗ್ಗೆ ಸ್ಟೇಷನ್ನಿನ ಗೇಟಿನ ಹತ್ರ ನಿಂತಿರ್ತೀನಿ. ನಾನು ನಿಂತಿರೋದು ಕಂಡ್ರೆ ಓದೋಕೆ ಮುಂಚೇನೇ ನಿನಗೆ ತಿಳಿಯತ್ತೆ.

ಇನ್ನೊಂದು. ಇದನ್ನ ಅವನು ಬರೆಸಿದ್ದು ಇಪ್ಪತ್ತೊಂಬತ್ತಕ್ಕೆ. ನಾಳೆ ತಾರೀಖು ಹಾಕು ಅಂದ. ಅವನು ಹೋಗಿದ್ದು ಆ ತಾರೀಖಿನ ಮಾರನೇ ದಿನ, ಗುರುವಾರ, ಅಂದ್ರೆ ಇವತ್ತು, ಮಧ್ಯಾಹ್ನ. ತಾರೀಖು ತಿದ್ದಬೇಕಾ ಅಂತ ಪೆನ್ನು ಹಿಡ್ಕೊಂಡು ಬಹಳ ಹೊತ್ತು ಕೂತಿದ್ದೆ. ಹಾಗೇ ಬಿಟ್ಟಿದೀನಿ.